ಹಾಸದ ಹುರುಳಿ, ಬೀಳದ ಸೈಕಲ್ಲು

ಐವತ್ತು ದಾಟಿದವನು ಸೈಕಲ್ಲಿನಿಂದ ಬಿದ್ದರೆ ಮೈಗಾಗುವ ನೋವು ನಾಲ್ಕು ದಿನದ್ದು. ಯಾಕೆ ಬಿದ್ದಿರಿ, ಹೇಗೆ ಬಿದ್ದಿರಿ, ಈ ವಯಸ್ಸಿನಲ್ಲಿ ಹತ್ತು ಅಂತ ಯಾರು ಹೇಳಿದ್ದರು ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವ ನೋವು ಮಾತ್ರ ವರ್ಷಗಟ್ಟಲೆ ಇರುತ್ತದೆ. ಎಳೆಯರು ಬಿದ್ದರೆ ಜನ ಓಡಿಬಂದು ಎತ್ತುತ್ತಾರೆ, ಮುದುಕರು ಬಿದ್ದರೆ ಅಯ್ಯೋ ಪಾಪ ಅನ್ನುತ್ತಾರೆ. ಐವತ್ತನಾಲ್ಕರ ಸರ್ಕಾರಿ ನೌಕರ ಬಿದ್ದರೆ ಮೊದಲು ಹತ್ತಿರ ಬಂದು ಬಾಯಿ ವಾಸನೆ ನೋಡುತ್ತಾರೆ. ಇದನ್ನು ನಾನು ಯಾರೋ ಹೇಳಿದ್ದನ್ನು ಕೇಳಿ ಬರೆಯುತ್ತಿಲ್ಲ.

ನಾನು ಭೂಮಾಪಕ. ಇಪ್ಪತ್ತೇಳು ವರ್ಷದಿಂದ ಮದ್ದೂರು, ಮಳವಳ್ಳಿ ಕಡೆಯ ಹೊಲಗದ್ದೆಗಳನ್ನು ಅಳೆಯುತ್ತಿದ್ದೇನೆ. ಎರಡು ಮನೆಯವರು ಬದುವಿನ ಆಚೆ ಈಚೆ ನಿಂತು ಒಬ್ಬರ ತಾತನನ್ನು ಇನ್ನೊಬ್ಬರು ಬೈಯುತ್ತಿರುವಾಗ ನಡುವೆ ನಿಂತು, ಕಂಡದ್ದನ್ನು ಕಂಡಂತೆ ಮಹಜರು ಬರೆದು, ಸಾಕ್ಷಿಗಳ ಸಹಿ ಹಾಕಿಸಿಕೊಂಡು ಬರುವುದು ನನ್ನ ಕೆಲಸ. ಕಂಡದ್ದಕ್ಕಿಂತ ಒಂದಕ್ಷರ ಹೆಚ್ಚು ಬರೆದವನಲ್ಲ, ಒಂದಕ್ಷರ ಕಡಿಮೆ ಬರೆದವನೂ ಅಲ್ಲ. ಈ ಗುಣದಿಂದ ಕಚೇರಿಯಲ್ಲಿ ಮರ್ಯಾದೆ ಸಿಕ್ಕಿದೆ, ಮನೆಯಲ್ಲಿ ಸಿಕ್ಕಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾಯಿತೇ ಎಂದು ಹೆಂಡತಿ ಕೇಳಿದಾಗ "ಕಾಲು ಚಮಚದಷ್ಟು" ಎಂದು ಉತ್ತರಿಸುವ ಗಂಡನ ಜೊತೆ ಬಾಳುವುದು ಸುಲಭವಲ್ಲ ಎಂದು ಸುನಂದ ಹೇಳುತ್ತಾಳೆ. ಅವಳು ಸರ್ಕಾರಿ ಆಸ್ಪತ್ರೆಯ ನರ್ಸು. ಸುತ್ತಲ ಹಳ್ಳಿಗಳಿಗೆ ಹೋಗಿ ಮಕ್ಕಳಿಗೆ ಲಸಿಕೆ ಹಾಕುತ್ತಾಳೆ, ಹಿರಿಯರ ಬಿ.ಪಿ. ನೋಡುತ್ತಾಳೆ. ಸರ್ವೆಯವನನ್ನು ಕಂಡರೆ ಬಾಗಿಲು ಹಾಕಿಕೊಳ್ಳುವ ಮನೆಗಳಲ್ಲೂ ಅವಳಿಗೆ ಕಾಫಿ ಸಿಗುತ್ತದೆ.

ಸೈಕಲ್ಲಿನ ಚಾಳಿ ಹತ್ತಿದ್ದು ಇಂಗ್ಲೆಂಡಿನಿಂದ. ನಾನು ಅಲ್ಲಿಗೆ ಹೋದವನಲ್ಲ. ಆ ದೇಶದ ಉತ್ತರ ಭಾಗದಲ್ಲಿರುವ ಒಬ್ಬ ವಯಸ್ಸಾದ ಯಜಮಾನರು ತಮ್ಮ ಸೈಕಲ್ ತಿರುಗಾಟವನ್ನೆಲ್ಲ ಅಂತರಜಾಲದಲ್ಲಿ ಬರೆದು, ಜೊತೆಗೆ ತಾವೇ ತೆಗೆದ ಫೋಟೋ ಹಾಕುತ್ತಾರೆ. ಬೆಳಿಗ್ಗೆ ಎಂಟೂ ಹತ್ತಕ್ಕೆ ಹೊರಟೆ, ತುಂತುರು ಮಳೆಯಿತ್ತು, ಕಲ್ಲಿನ ಗೋಡೆಗೆ ಒರಗಿ ಬ್ರೆಡ್ಡು ತಿಂದೆ, ಒಂದು ಕುರಿ ನನ್ನನ್ನು ನೋಡಿತು, ಸಂಜೆ ಮನೆಗೆ ಬಂದೆ. ಇಷ್ಟೇ. ಉತ್ಪ್ರೇಕ್ಷೆ ಎಂಬುದು ಹುಡುಕಿದರೂ ಸಿಗುವುದಿಲ್ಲ. ಕುರಿ ನೋಡಿತು ಎಂದರೆ ನೋಡಿತು ಅಷ್ಟೇ, ನಕ್ಕಿತು ಎಂದು ಅವರು ಬರೆಯುವುದಿಲ್ಲ. ಇಂಥ ಮನುಷ್ಯ ನಮ್ಮ ಇಲಾಖೆಯಲ್ಲಿ ಇರಬೇಕಿತ್ತು ಅನ್ನಿಸಿತು. ಆ ತಿಂಗಳೇ ಗೇರಿನ ಸೈಕಲ್ಲು ತಂದೆ. ಇನ್ನೆರಡು ತಿಂಗಳಿಗೆ ಯಾರೋ ಉಪಯೋಗಿಸಿ ಬಿಟ್ಟಿದ್ದ ಒಳ್ಳೆಯ ಕ್ಯಾಮೆರಾವೂ ಬಂತು.

ಅಲ್ಲಿಂದ ಮೂರು ವರ್ಷ ಒಂದು ಭಾನುವಾರವನ್ನೂ ನಾನು ಮನೆಯಲ್ಲಿ ಕಳೆದಿಲ್ಲ. ಮೊದಲ ಸವಾರಿ ಶಿವಪುರಕ್ಕೆ. ಧ್ವಜ ಸತ್ಯಾಗ್ರಹದ ಸೌಧವನ್ನು ಆರು ಕೋನದಿಂದ ತೆಗೆದೆ, ಆರರಲ್ಲೂ ನನ್ನ ಹೆಬ್ಬೆರಳು ಬಂದಿತ್ತು. ಆಮೇಲೆ ಕೈ ಪಳಗಿತು. ಕೊಕ್ಕರೆ ಬೆಳ್ಳೂರಿನ ಹುಣಸೆಮರದಲ್ಲಿ ಮರಿಗೆ ಗುಟುಕು ಕೊಡುವ ಕೊಕ್ಕರೆ, ನಾಲೆಯ ಏರಿಯ ಮೇಲೆ ಮಂಜಿನಲ್ಲಿ ಬರುವ ಎಮ್ಮೆ, ಹನಕೆರೆ ಸ್ಟೇಷನ್ನಿನ ಖಾಲಿ ಬೆಂಚು, ಶಿವನಸಮುದ್ರದಲ್ಲಿ ಧುಮುಕುವ ನೀರಿಗೆ ಬೆನ್ನು ಹಾಕಿಕೊಂಡು ಚುರುಮುರಿ ತಿನ್ನುವ ಸಂಸಾರ. ಇವನ್ನೆಲ್ಲ 'ಸೈಕಲ್ ಸವಾರರು' ಎಂಬ ನಮ್ಮ ವಾಟ್ಸಪ್ ಗುಂಪಿಗೆ, ಹೊರಟ ಹೊತ್ತು ತಲುಪಿದ ಹೊತ್ತಿನ ಸಮೇತ ಹಾಕುತ್ತೇನೆ. ಗುಂಪಿನಲ್ಲಿ ಹನ್ನೊಂದು ಜನರಿದ್ದಾರೆ, ನಾಲ್ವರಿಗೆ ಸೈಕಲ್ಲಿದೆ. ಹೆಮ್ಮೆಯ ಮಾತೆಂದುಕೊಂಡರೆ ಅಂದುಕೊಳ್ಳಿ: ಇಂಗ್ಲೆಂಡಿನ ಆ ಯಜಮಾನರ ಹಸಿರು ಗುಡ್ಡ, ಹಳೇ ಕಲ್ಲುಗೋಡೆಗಳನ್ನು ನೂರಾರು ನೋಡಿದ್ದೇನೆ. ಕಬ್ಬಿನ ಸೂಲಂಗಿ ಹೂ ಅರಳಿದಾಗ ಮಳವಳ್ಳಿ ರಸ್ತೆಯ ಮೇಲೆ ಬೀಳುವ ಸಂಜೆಬಿಸಿಲಿನಂಥದ್ದು ಅವರ ಹತ್ತಿರ ಒಂದೂ ಇಲ್ಲ.

ಈ ಮೂರು ವರ್ಷದಲ್ಲಿ ಎರಡು ಸಲ ಬಿದ್ದಿದ್ದೆ. ಒಮ್ಮೆ ರೈಲ್ವೆ ಗೇಟಿನ ಹತ್ತಿರ, ಒಮ್ಮೆ ನಮ್ಮ ಮನೆಯ ಮುಂದೆಯೇ, ನಿಂತಿದ್ದ ಸೈಕಲ್ಲಿನಿಂದ. ಎರಡನೆಯದಾದ ಮೇಲೆ ಸುನಂದ ನನ್ನ ಮೊಣಕಾಲಿಗೆ ಔಷಧಿ ಹಚ್ಚುತ್ತಾ, ದನಿ ಏರಿಸದೆ ಹೇಳಿದಳು: "ರೀ, ಇದು ಎರಡು. ಮೂರನೇದು ಆದ್ರೆ ಸೈಕಲ್ಲು ಮಳವಳ್ಳಿಗೆ. ನಮ್ಮಣ್ಣ ಡೈರಿಗೆ ಹಾಲು ಹಾಕೋಕೆ ಒಂದು ಸೈಕಲ್ ಬೇಕು ಅಂತಿದ್ದಾನೆ." ಸುನಂದ ಹೇಳಿದ್ದನ್ನು ಮಾಡುವವಳು. ಇಪ್ಪತ್ತೊಂದು ಗೇರಿನ ಸೈಕಲ್ಲಿನ ಎರಡು ಪಕ್ಕದಲ್ಲಿ ಹಾಲಿನ ಕ್ಯಾನು ನೇತಾಡುವ ದೃಶ್ಯ ಅಂದಿನಿಂದ ನನ್ನ ಕಣ್ಣಮುಂದೆ ಇತ್ತು. ಇಳಿಜಾರು ಬಂದರೆ ಇಳಿದು ತಳ್ಳುತ್ತಿದ್ದೆ. ನಾಯಿ ಕಂಡರೆ ಅದು ಹೋಗುವವರೆಗೆ ನಿಲ್ಲುತ್ತಿದ್ದೆ.

ಜನವರಿಯ ಒಂದು ಭಾನುವಾರ. ಮಳವಳ್ಳಿ ಕಡೆಯ ಒಂದು ಕೆರೆಯಲ್ಲಿ ಬೆಳಗಿನ ಹಕ್ಕಿ ನೋಡಿಕೊಂಡು ಒಳರಸ್ತೆಯಲ್ಲಿ ಮದ್ದೂರಿಗೆ ವಾಪಸು ಬರುತ್ತಿದ್ದೆ. ದಾರಿಯಲ್ಲಿ ಸಿಗುವ ಒಂದು ಹಳ್ಳಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಾತು ಕೊಟ್ಟಿದ್ದೇನೆ. ಆ ಹಳ್ಳಿಯ ಮುಂದಿನ ಡಾಂಬರು ರಸ್ತೆಯ ಉದ್ದಕ್ಕೂ ಹುರುಳಿ ಗಿಡ ಹಾಸಿದ್ದರು. ನಮ್ಮ ಕಡೆ ಸುಗ್ಗಿಯಲ್ಲಿ ಇದು ಎಲ್ಲ ಕಡೆ ಇದ್ದದ್ದೇ. ಕಣ ಮಾಡಿ, ಎತ್ತು ಕಟ್ಟಿ, ಕಲ್ಲಿನ ಗುಂಡು ಎಳೆಸುವ ಬದಲು ರಸ್ತೆಯ ಮೇಲೆ ಹರಡಿಬಿಟ್ಟರೆ ಹೋಗಿ ಬರುವ ಗಾಡಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಹೀಗೆ ಹಾಸಬಾರದು ಎಂದು ಸರ್ಕಾರ ಹೇಳುತ್ತಲೇ ಇರುತ್ತದೆ, ಬಸ್ಸುಗಳು ತುಳಿಯುತ್ತಲೇ ಇರುತ್ತವೆ. ಎಳೆಬಿಸಿಲಿಗೆ ಆ ಹುರುಳಿ ಹೊಂಬಣ್ಣಕ್ಕೆ ತಿರುಗಿತ್ತು. ನಾನು ಇಳಿದು ಹನ್ನೊಂದು ಫೋಟೋ ತೆಗೆದೆ. ಕ್ಯಾಮೆರಾ ಚೀಲಕ್ಕೆ ಹಾಕದೆ ಕೈಯಲ್ಲೇ ಹಿಡಿದು, ನಿಧಾನವಾಗಿ ಆ ಹಾಸಿನ ಮೇಲೆಯೇ ಸೈಕಲ್ಲು ಬಿಟ್ಟೆ. ಹತ್ತು ಗಜ ಹೋಗುವಷ್ಟರಲ್ಲಿ ಹುರುಳಿಯ ಬಳ್ಳಿ ಹಿಂದಿನ ಗೇರಿನ ಹಲ್ಲಿಗೆ ಸುತ್ತಿಕೊಂಡಿತು.

ಮುಂದೆ ನಡೆದದ್ದು ಹೀಗೆ. ಹೊತ್ತು ಒಂಬತ್ತು ಗಂಟೆ ಆರು ನಿಮಿಷ. ಬಿದ್ದ ಸ್ವತ್ತು, ನಾನು. ಚಕ್ಕುಬಂದಿ: ಪೂರ್ವಕ್ಕೆ ಸೈಕಲ್ಲು, ಪಶ್ಚಿಮಕ್ಕೆ ನನ್ನ ಒಂದು ಚಪ್ಪಲಿ, ಉತ್ತರಕ್ಕೆ ಕಬ್ಬಿನ ಗದ್ದೆ, ದಕ್ಷಿಣಕ್ಕೆ ಒಂದು ಹುಂಜ. ಬಲಗಡೆಯ ಸೊಂಟ ಮತ್ತು ಮೊಣಕೈ ನೆಲಕ್ಕೆ ತಗುಲಿದ್ದವು. ಕ್ಯಾಮೆರಾ ಹಿಡಿದ ಕೈ ಮಾತ್ರ ಮೇಲಿತ್ತು. ಕಣ್ಣು ಬಿಟ್ಟರೆ, ಹುರುಳಿ ಗಿಡಗಳ ಆಚೆ, ಸೂರ್ಯನಿಗೆ ಬೆನ್ನು ಹಾಕಿ, ಆಕಾಶದೆತ್ತರಕ್ಕೆ ಒಬ್ಬ ಮುದುಕಿ ನಿಂತಿದ್ದಳು. ಕೈಯಲ್ಲಿ ಕವೆಗೋಲು. ಸುತ್ತ ಹೊಟ್ಟಿನ ಧೂಳು ಬೆಳಕಿನಲ್ಲಿ ತೇಲುತ್ತಿತ್ತು. ನಾನು ಯೋಚಿಸಲಿಲ್ಲ. ಕ್ಯಾಮೆರಾದ ಗುಂಡಿ ಒತ್ತಿದೆ.

"ಏನಪ್ಪಾ, ಬದುಕಿದ್ದೀಯಾ?" ಅಂದಳು ಮುದುಕಿ.

ಬದುಕಿದ್ದೇನೆ ಎಂದೆ.

"ಅಂಗಾರೆ ಎದ್ದೇಳು. ಬಸ್ಸು ಬರೋ ಒತ್ತಾಯ್ತು. ಸೈಕಲ್ನಾಗೆ ಯಾರಾದ್ರೂ ಉಳ್ಳಿ ಒಕ್ತಾರಾ? ಒಂದು ಕಾಳು ಬುಟ್ಕೊಂಡಿಲ್ಲ ನೋಡು, ನಿನ್ನ ತೂಕಕ್ಕೆ."

ಅಷ್ಟರಲ್ಲಿ ಅವಳ ಮಗ ಬಂದ. ಹೆಸರು ಮರಿಗೌಡ. ಅವನ ಹಿಂದೆ ಇನ್ನೂ ಐದು ಜನ. ಮರಿಗೌಡ ನನ್ನ ಮುಖ ನೋಡಿದವನು ಕ್ಯಾಮೆರಾ ನೋಡಿ ಹಿಂದಕ್ಕೆ ಸರಿದ. "ಅವ್ವೋ, ಇವ್ರು ಸರ್ವೆ ಸಾಹೇಬ್ರು ಕಣವ್ವ. ನಮ್ಮೊಲ ಅಳ್ದೋರು. ಫೋಟೋ ಇಡ್ದವ್ರೆ. ಬಾಚ್ರಲಾ, ಬಾಚ್ರಿ ಬೇಗ." ಐದೂ ಜನ ಹುರುಳಿಯನ್ನು ಬಾಚಿ ಬದಿಗೆ ಎಳೆಯತೊಡಗಿದರು. ನನ್ನ ಕೆಳಗಿದ್ದದ್ದನ್ನೂ ಒಬ್ಬ ಎಳೆದ. ಇಪ್ಪತ್ತೇಳು ವರ್ಷ ಸಾಕ್ಷ್ಯ ಬರೆದವನು ಭಾನುವಾರ ಬೆಳಿಗ್ಗೆ ಸುಮ್ಮನೆ ಚೆಂದಕ್ಕೆ ಫೋಟೋ ತೆಗೆದ ಎಂದರೆ ಯಾರು ನಂಬುತ್ತಾರೆ. ನಾನೇ ಆಗಿದ್ದರೂ ನಂಬುತ್ತಿರಲಿಲ್ಲ.

"ಕೇಸು ಗೀಸು ಆಕ್ಬೇಡಿ ಸಾ," ಎಂದ ಮರಿಗೌಡ. "ಊರಾಗೆ ಎಲ್ರೂ ಆಸ್ತಾರೆ. ನಿಮ್ಮನೆಯೋರು ನರ್ಸಕ್ಕಂಗೂ ಗೊತ್ತು. ಅವ್ರ ಸ್ಕೂಟ್ರೂ ಇದರ ಮೇಲೇ ಓಗದು."

ಸುನಂದಳ ಮಾತು ಬಂದದ್ದೇ ನನ್ನ ಸೊಂಟದ ನೋವು ಮರೆತುಹೋಯಿತು. ಈ ಊರಿಗೆ ಅವಳು ಪ್ರತಿ ಗುರುವಾರ ಬರುತ್ತಾಳೆ. ನಾನು ಎದ್ದು ಕೂತು ಹೇಳಿದೆ: "ಮರಿಗೌಡ್ರೇ, ಕೇಸಿನ ಮಾತು ಬಿಡಿ. ನಾನಿಲ್ಲಿ ಬಿದ್ದದ್ದು ನಿಮ್ಮ ನರ್ಸಕ್ಕನಿಗೆ ಗೊತ್ತಾಗಬಾರದು. ಗೊತ್ತಾದರೆ ಸೈಕಲ್ ಕಿತ್ತುಕೊಂಡು ಅವಳಣ್ಣನಿಗೆ ಕೊಡ್ತಾಳೆ."

ಏಳು ಜನರೂ ನನ್ನ ಸುತ್ತ ಬಂದು ನಿಂತರು. ತಾವು ಹೆದರಿದ ಸರ್ಕಾರಿ ಮನುಷ್ಯನೇ ತನ್ನ ಹೆಂಡತಿಗೆ ಹೆದರುತ್ತಾನೆ ಎಂಬುದು ಅವರಿಗೆ ಅರ್ಥವಾಗಲು ಎರಡು ನಿಮಿಷ ಬೇಕಾಯಿತು. ಮೊದಲು ಮುದುಕಿ ನಕ್ಕಳು. ಅವಳ ಹೆಸರು ಚಿಕ್ಕತಾಯಮ್ಮ. "ಅಯ್ಯೋ ಅಷ್ಟೇಯಾ. ನೀನು ಬೀಳ್ನಿಲ್ಲ, ನಾವು ಆಸ್ನಿಲ್ಲ. ಆಯ್ತು ಬುಡಪ್ಪ."

ಬಾಯಿಮಾತಿನಲ್ಲೇ ಮಹಜರು ಆಯಿತು. ಫೋಟೋಗಳನ್ನು ಅವರ ಎದುರಿಗೇ ಒಂದೊಂದಾಗಿ ತೋರಿಸಿ ಅಳಿಸಿದೆ. ಹನ್ನೊಂದೂ ಹೋದವು. ಹನ್ನೆರಡನೆಯದು ಬಂದಾಗ ನನ್ನ ಬೆರಳು ನಿಂತಿತು. ಚಿಕ್ಕತಾಯಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ಇದ್ಯಾರು, ನಾನಾ?" ಹೌದು ಎಂದೆ. ಸೆರಗಿನಿಂದ ಪರದೆಯ ಧೂಳೊರೆಸಿ ಮತ್ತೆ ನೋಡಿದಳು. "ಇದ್ರಾಗೆ ರೋಡು ಕಾಣ್ತದಾ?" ಕಾಣುವುದಿಲ್ಲ, ಹುರುಳಿ ಇದೆ, ಬಿಸಿಲಿದೆ, ನೀವಿದ್ದೀರಿ ಎಂದೆ. "ಅಂಗಾರೆ ಮಡಿಕ್ಕೊ. ನಂಗೂ ಒಂದು ಕೊಡು," ಎಂದಳು. ಮರಿಗೌಡ ಗೇರಿಗೆ ಸುತ್ತಿದ್ದ ಬಳ್ಳಿಯನ್ನು ಕುಡುಗೋಲಿನಿಂದ ಕುಯ್ದು ತೆಗೆದ. ಒಂಬತ್ತೂಕಾಲರ ಬಸ್ಸು ಬಂತು. ಹುರುಳಿ ಬದಿಗಿದ್ದದ್ದು ಕಂಡು ಡ್ರೈವರು ನಿಲ್ಲಿಸಿ, "ಯಾಕ್ಲಾ ಮರಿಗೌಡ, ಇವತ್ತು ಆಸ್ನಿಲ್ವಾ?" ಎಂದು ಕೇಳಿ, ಅವರು ಮತ್ತೆ ಹರಡುವವರೆಗೆ ಕಾದು, ಅದರ ಮೇಲೆ ನಡೆಸಿಕೊಂಡು ಹೋದ.

ನಾನು ಸುಳ್ಳು ಹೇಳುವವನಲ್ಲ. ಬಿದ್ದಿರಾ ಎಂದು ಸುನಂದ ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಅವಳು "ಹೇಗಿತ್ತು?" ಎಂದಳು, "ಚೆನ್ನಾಗಿತ್ತು" ಎಂದೆ. ಅದು ನಿಜ. ನಾಲ್ಕು ದಿನ ಉದ್ದ ತೋಳಿನ ಅಂಗಿ ಹಾಕಿಕೊಂಡು, ಕುರ್ಚಿಯಲ್ಲಿ ಎಡಗಡೆ ವಾಲಿ ಕೂತು ಕಳೆದೆ. ಗುರುವಾರ ಸಂಜೆ ಅವಳು ಕೆಲಸದಿಂದ ಬಂದು, ಬ್ಯಾಗು ಮೇಜಿನ ಮೇಲಿಟ್ಟು, ನನ್ನ ಎದುರಿಗೆ ಕೂತಳು.

"ಇವತ್ತು ಚಿಕ್ಕತಾಯಮ್ಮ ಬಿ.ಪಿ. ತೋರ್ಸೋಕೆ ಬಂದಿದ್ಲು. ನಾನು ಕೈಗೆ ಪಟ್ಟಿ ಸುತ್ತೋಕೂ ಮುಂಚೆ ಏನಂದ್ಲು ಗೊತ್ತಾ? 'ನರ್ಸಕ್ಕ, ನಿಮ್ಮೆಜಮಾನ್ರು ನಮ್ಮೂರಾಗೆ ಬೀಳ್ನಿಲ್ಲ ಕಣವ್ವ' ಅಂದ್ಲು. ನಾನು ಏನೂ ಕೇಳಿರ್ಲಿಲ್ಲ. ಆಮೇಲೆ ಮರಿಗೌಡ ಬಂದ. 'ಅಕ್ಕ, ಸಾಹೇಬ್ರು ಭಾನುವಾರ ನಮ್ಮೂರಿಗೇ ಬರ್ನಿಲ್ಲ, ಬಂದ್ರೂ ಬೀಳ್ನಿಲ್ಲ' ಅಂದ. ಸಂಜೆವರೆಗೆ ಒಟ್ಟು ಏಳು ಜನ ಬಂದು ಹೇಳಿ ಹೋದ್ರು. ಒಬ್ಬ ಅಂತೂ ನೀವು ಯಾವ ಕಡೆಗೆ ಬೀಳ್ಲಿಲ್ಲ ಅನ್ನೋದನ್ನೂ ತೋರಿಸ್ದ. ಬಲಗಡೆ."

ನಾನು ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದಳು.

"ಬೇಡ. ಸಾಕ್ಷಿ ಹೇಳಿದ್ದಕ್ಕಿಂತ ಒಂದಕ್ಷರ ಹೆಚ್ಚು ಕಡಿಮೆ ಮಾಡಬಾರದು ಅಂತ ನೀವೇ ಹೇಳೋದು. ಏಳು ಜನ ಬೀಳ್ಲಿಲ್ಲ ಅಂದ್ಮೇಲೆ ಬೀಳ್ಲಿಲ್ಲ. ಸೈಕಲ್ಲು ಇಲ್ಲೇ ಇರ್ಲಿ."

ಇಪ್ಪತ್ತೊಂದು ಗೇರೂ ಉಳಿದವು ಎಂದು ಮನಸ್ಸು ಹಗುರವಾಯಿತು. ಅವಳು ಬ್ಯಾಗಿನಿಂದ ಒಂದು ಮುಲಾಮಿನ ಟ್ಯೂಬು, ಊತಕ್ಕೆ ಸುತ್ತುವ ಪಟ್ಟಿ ತೆಗೆದಳು. ಬರುವಾಗಲೇ ತಂದಿದ್ದಳು. ನಾನು ಅಂಗಿಯ ತೋಳು ಮಡಿಸತೊಡಗಿದೆ. ಅವಳು ಎರಡನ್ನೂ ಒಮ್ಮೆ ನೋಡಿ ಮತ್ತೆ ಬ್ಯಾಗಿಗೆ ಹಾಕಿ ಜಿಪ್ಪು ಎಳೆದಳು. "ಬೀಳದೆ ಇರೋರಿಗೆ ಇದೆಲ್ಲ ಯಾಕೆ? ಏಳಿ, ಅಟ್ಟದ ಮೇಲಿನ ಹಿತ್ತಾಳೆ ಹಂಡೆ ಇಳಿಸಬೇಕು ಅಂತ ಒಂದು ತಿಂಗಳಿಂದ ಹೇಳ್ತಿದ್ದೀನಿ."

ಹಂಡೆ ಇಳಿಸಿದೆ. ತೊಳೆದ ಮೇಲೆ ಮತ್ತೆ ಏರಿಸಿದೆ. ಎರಡು ಸಲವೂ ಸೊಂಟ ಹಿಡಿದುಕೊಳ್ಳುವ ಹಾಗಿರಲಿಲ್ಲ, ಅಮ್ಮಾ ಅನ್ನುವ ಹಾಗೂ ಇರಲಿಲ್ಲ.

ಚಿಕ್ಕತಾಯಮ್ಮ ತನ್ನ ಫೋಟೋದ ಮಾತನ್ನೂ ನರ್ಸಕ್ಕನ ಕಿವಿಗೆ ಹಾಕಿದ್ದಳು. ಮಂಡ್ಯದ ಸ್ಟುಡಿಯೋದಲ್ಲಿ ಆ ಫೋಟೋದ ಎರಡು ದೊಡ್ಡ ಪ್ರತಿ ಮಾಡಿಸಿದಳು ಸುನಂದ. ಒಂದು ಚಿಕ್ಕತಾಯಮ್ಮನ ಮನೆಗೆ ಹೋಯಿತು, ಇನ್ನೊಂದು ನಮ್ಮ ಹಜಾರದ ಗೋಡೆಗೆ. ನನ್ನ ಜೀವಮಾನದಲ್ಲಿ ತೆಗೆದ ಫೋಟೋಗಳಲ್ಲಿ ಅಂಥದ್ದು ಇನ್ನೊಂದಿಲ್ಲ. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಸೈಕಲ್ ಗುಂಪಿನ ಇಬ್ಬರು ಅದನ್ನು ನೋಡಲೆಂದೇ ಮನೆಗೆ ಬಂದರು. ಗೋಡೆಯ ಮುಂದೆ ತಲೆ ಓರೆ ಮಾಡಿ ನಿಂತು, "ಸಾರ್, ಇಷ್ಟು ಕೆಳಗಿನಿಂದ ಹೇಗೆ ತೆಗೆದ್ರಿ? ನಾವೂ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದ್ವಿ, ಬರಲೇ ಇಲ್ಲ," ಎಂದು ಕೇಳಿದರು. ಹೊತ್ತು, ದಿಕ್ಕು, ನೆಲದಿಂದ ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು, ಎಲ್ಲವೂ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಡುಗೆಮನೆಯಿಂದ ಸುನಂದ ಕಾಫಿ ತಂದಳು.

"ಅದು ಅವರ ಅಭ್ಯಾಸ," ಎಂದಳು. "ನಮ್ಮೆಜಮಾನ್ರಿಗೆ ಬಗ್ಗೋದು ಏಳೋದು ಏನೂ ಕಷ್ಟ ಇಲ್ಲ."

ಇಬ್ಬರೂ ನನ್ನನ್ನು ಗೌರವದಿಂದ ನೋಡಿದರು. ನಾನು ಹೌದೆಂದು ತಲೆಯಾಡಿಸಿ, ಮೊಣಕೈ ಮಡಿಸದೆ ಕಾಫಿ ಕುಡಿಯುವುದು ಹೇಗೆಂದು ಲೋಟವನ್ನೇ ನೋಡುತ್ತಾ ಕೂತೆ.