ಮೊಟ್ಟೆ ತಿನ್ನದ ಮಾವನ ಕೋಳಿ ಕಾನೂನು

ನನ್ನ ಮಾವ ಹುಟ್ಟಿದಾಗಿನಿಂದ ಒಂದು ಮೊಟ್ಟೆಯನ್ನೂ ಬಾಯಿಗಿಟ್ಟವರಲ್ಲ. ಆದರೆ ಮೊಟ್ಟೆಯ ವಿಷಯದಲ್ಲಿ ಇಡೀ ತಿರುವನಂತಪುರದಲ್ಲಿ ಅವರಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಇದು ಅವರದೇ ಅಭಿಪ್ರಾಯ, ನನ್ನದಲ್ಲ!

ಕಾಸರಗೋಡು ಕೇರಳಕ್ಕೆ ಸೇರಿದ ಹೊಸತರಲ್ಲಿ ಮಾವನಿಗೆ ಅಲ್ಲಿಂದ ಇಲ್ಲಿನ ಸರ್ಕಾರಿ ಕಚೇರಿಗೆ ವರ್ಗವಾಯಿತು. ಜೊತೆಗೆ ನನ್ನ ಸೋದರತ್ತೆ, ಅವರ ಸೆರಗು ಹಿಡಿದುಕೊಂಡು ನಾನು. ತಾಯಿ ತೀರಿಕೊಂಡ ನನ್ನನ್ನು ಮೂರನೆಯ ವರ್ಷದಿಂದ ಸಾಕಿದವರು ಅತ್ತೆಯೇ. ಕಚೇರಿಯಲ್ಲಿ ಯಾರೋ ಮೇಲಧಿಕಾರಿ "ದೇಶಕ್ಕೆ ಆಹಾರ ಬೇಕು, ಪ್ರತಿಯೊಬ್ಬರೂ ಏನಾದರೂ ಬೆಳೆಸಿ" ಎಂದು ಭಾಷಣ ಮಾಡಿದರಂತೆ. ಉಳಿದವರು ಬದನೆ, ಬೆಂಡೆ ನೆಟ್ಟರು. ನಮ್ಮ ಮಾವ ಅಷ್ಟಕ್ಕೆ ಸುಮ್ಮನಿರುವ ಆಸಾಮಿಯೇ? ಯಾವುದೋ ಇಂಗ್ಲಿಷ್ ಪುಸ್ತಕ ಓದಿ, ಕೋಳಿ ತರಲು ಕೊಚ್ಚಿಗೆ ಹೊರಟರು!

ಅಲ್ಲಿನ ಫಾರಮ್ಮಿನಲ್ಲಿದ್ದ ದಪ್ಪನೆಯ ಕೆಂಪು ಕೋಳಿಗಳು ಅವರಿಗೆ ಬೇಡವಾದವು. ಕಡಿಮೆ ತಿಂದು ಹೆಚ್ಚು ಇಡುವ ಬಿಳಿ ಲೆಗ್‌ಹಾರ್ನೇ ಆಗಬೇಕು. ಅದರಲ್ಲೂ ಒಂದೊಂದನ್ನೂ ಹಿಡಿಸಿ, ಹಿಂಬದಿಯ ಎರಡು ಎಲುಬುಗಳ ನಡುವೆ ಬೆರಳಿಟ್ಟು ಅಳೆದರು. ಮೂರು ಬೆರಳು ಹಿಡಿಸಿದರೆ ಪಾಸು, ಒಂದೇ ಬೆರಳಾದರೆ ಫೇಲು. ಫಾರಮ್ಮಿನವನು ಬೆರಗಾಗಿ, "ಸಾರ್ ಯಾವಾಗಿನಿಂದ ಕೋಳಿ ಸಾಕುತ್ತಿದ್ದೀರಿ?" ಎಂದು ಕೇಳಿದ.

"ನಾಳೆಯಿಂದ!" ಎಂದರು ಮಾವ.

ಮೊಟ್ಟೆಗಳೆಲ್ಲ ಪಕ್ಕದ ಮನೆಯ ಅನ್ನಮ್ಮ ಚೇಚಿಗೆ; ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ. ಪುಕ್ಕಟೆ ಸಿಕ್ಕಿತೆಂದುಕೊಳ್ಳಬೇಡಿ, ದಿನಾ ಬೆಳಿಗ್ಗೆ ಬೇಲಿಯ ಬಳಿ ಮಾವ ಅವರ ವಿಚಾರಣೆ ನಡೆಸುತ್ತಿದ್ದರು.

"ನಿನ್ನೆಯದರ ಹಳದಿ ಹೇಗಿತ್ತು?"

"ನಲ್ಲ ರುಚಿ, ಸಾರೇ, ಒಳ್ಳೆ ರುಚಿ."

"ರುಚಿ ಯಾರು ಕೇಳಿದ್ದು? ಬಣ್ಣ ಹೇಳಿ, ಬಣ್ಣ!"

ಪಾಪ, ಒಲೆಯ ಮುಂದೆ ನಿಂತು ಬಣ್ಣ ನೆನಪಿಟ್ಟುಕೊಳ್ಳುವುದನ್ನು ಚೇಚಿ ಕಲಿತರು.

ಲೆಗ್‌ಹಾರ್ನ್‌ಗೆ ಒಂದೇ ಐಬು. ಮೊಟ್ಟೆ ಇಟ್ಟು ಎದ್ದು ಹೋಗುತ್ತದೆಯೇ ಹೊರತು ಕಾವು ಕೂರುವುದಿಲ್ಲ. ಅದಕ್ಕೆಂದೇ ಮಾವ ಒಂದು ಊರಕೋಳಿ ತಂದರು. ಆ ಕಪ್ಪು ಹೇಂಟೆ ಯಾರದೋ ಮೊಟ್ಟೆಗಳ ಮೇಲೆ ಅನ್ನನೀರು ಮರೆತು ಕುಳಿತು ಮೂರು ಸಲ ಮರಿ ಮಾಡಿತು. ಆಮೇಲೆ ಮುದಿಯಾಯಿತು. ಕಾವೂ ಇಲ್ಲ, ಮೊಟ್ಟೆಯೂ ಇಲ್ಲ. ಮಾವ ಅಳೆದರು. ಒಂದೇ ಬೆರಳು! ಫೇಲಾದ ಕೋಳಿಗಳು ಚೇಚಿಯ ಮನೆಗೆ ಹೋಗುವುದು ವಾಡಿಕೆ. ಅಲ್ಲಿ ಮುಂದೇನಾಗುತ್ತದೆಂದು ಮಾವ ಎಂದೂ ಕೇಳಿದವರಲ್ಲ.

ಚೇಚಿ ಬುಟ್ಟಿ ಹಿಡಿದು ಬಂದರು. "ಮೊಟ್ಟೆ ಇಡದ್ದಕ್ಕೆ ಈ ಮನೆಯಲ್ಲಿ ಜಾಗ ಇಲ್ಲ!" ಎಂದು ಮಾವ ಎಂದಿನಂತೆ ಗುಡುಗಿ ಗೂಡಿನತ್ತ ತಿರುಗಿದರೆ, ಕೋಳಿ ಕಂಡರೆ ಮಾರು ದೂರ ನಿಲ್ಲುವ ಅತ್ತೆ ಆ ಹೇಂಟೆಯನ್ನು ಎದೆಗವಚಿಕೊಂಡು ನಿಂತಿದ್ದರು.

"ಹಾಗಾದರೆ ನನ್ನನ್ನು ಯಾವಾಗ ಕಳಿಸುವುದು?"

ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅತ್ತೆ ಹೆತ್ತಿರಲಿಲ್ಲ. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿದ್ದಿಲ್ಲ. ಚೇಚಿ ಖಾಲಿ ಬುಟ್ಟಿಯೊಂದಿಗೆ ಸದ್ದಿಲ್ಲದೆ ಹೊರಟುಹೋದರು.

ಕೋಳಿ ಮುಟ್ಟಿ ಮಡಿ ಕೆಟ್ಟದ್ದಕ್ಕೆ ಅತ್ತೆ ಮೀಯಬೇಕಿತ್ತು. ಅಷ್ಟು ವರ್ಷಗಳಲ್ಲಿ ಒಂದು ಕೊಡ ನೀರು ಸೇದದ ಮಾವ ಬಾವಿಯ ಹಗ್ಗ ಹಿಡಿದರು.

"ಸಾಕು, ಎಂತಕ್ಕೆ ಅಷ್ಟು ನೀರು?" ಎಂದು ಅತ್ತೆ ಹೇಳಿದರೂ ಸೇದುತ್ತಲೇ ಇದ್ದರು. ಕೊನೆಗೆ ನನ್ನತ್ತ ಕೈ ತೋರಿಸಿ, "ಇವಳನ್ನು ಇಷ್ಟು ದೊಡ್ಡದು ಮಾಡಿದ್ದು ಯಾರು ಅಂತ ನನಗೆ ಗೊತ್ತಿಲ್ವಾ? ನನಗೆ ಬುದ್ಧಿ ಇಲ್ಲ ಮಾರಾಯ್ತಿ, ನೀನು ಮಾತ್ರ ಎಲ್ಲಿಗೂ ಹೋಗಬೇಡ" ಎಂದು ಮಗುವಿನ ಹಾಗೆ ಅತ್ತುಬಿಟ್ಟರು.