ಸಾಹೇಬರ ಸನ್ನಿಧಿಯಲ್ಲಿ ವ್ರತ ಸ್ವೀಕಾರ

ಸಂಜೆ ಐದು ಇಪ್ಪತ್ತೈದಕ್ಕೆ ನಾನು ಮೇಜಿನ ಕೆಳಗೆ ಕಾಲಿನಿಂದಲೇ ಚಪ್ಪಲಿ ಹುಡುಕುತ್ತೇನೆ. ಇಪ್ಪತ್ತೇಳಕ್ಕೆ ನೀರಿನ ಬಾಟಲಿ ಚೀಲ ಸೇರುತ್ತದೆ. ಇಪ್ಪತ್ತೊಂಬತ್ತಕ್ಕೆ ಕಡತ ಮುಚ್ಚುತ್ತೇನೆ, ಸದ್ದಾಗದಂತೆ. ಐದೂವರೆಗೆ ಒಳಕೋಣೆಯಲ್ಲಿ ಗಂಟೆ ಮೊಳಗುತ್ತದೆ. ಸಿಪಾಯಿ ಸತ್ಯಪ್ಪ ಬಾಗಿಲಲ್ಲಿ ತಲೆ ತೂರಿಸಿ, "ಎಲ್ಲಾರೂ ಒಳಗ ಬರ್ರಿ, ಸಾಹೇಬ್ರು ಕರಿಯಾಕತ್ತಾರ" ಎನ್ನುತ್ತಾನೆ. ನಾನು ಚಪ್ಪಲಿ ಕಳಚುತ್ತೇನೆ.

ಖಾನಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಪ್ರಥಮ ದರ್ಜೆ ಸಹಾಯಕ (ಇಲಾಖೆಯ ಹೆಸರು ಬರೆಯುವಷ್ಟು ಧೈರ್ಯ ನನಗಿಲ್ಲ). ನಮ್ಮ ಅಧಿಕಾರಿ ರಾಮಲಿಂಗ ಸಾಹೇಬರು ಪ್ರಗತಿ ಪರಿಶೀಲನೆಯನ್ನು ಕಚೇರಿ ಮುಚ್ಚುವ ಹೊತ್ತಿಗೆ ಆರಂಭಿಸುತ್ತಾರೆ. ಹಗಲಿನಲ್ಲಿ ಜನ ಬಂದು ತೊಂದರೆ ಕೊಡುತ್ತಾರೆ ಎಂಬುದು ಅವರ ವಾದ. ಬೀಡಿ ಹೋಬಳಿಯ ಅಂಕಿಸಂಖ್ಯೆ ಎಲ್ಲಿ ಎಂದು ಅವರು ಕೇಳಿದರೆ ಏಳಾಗುತ್ತದೆ. ನಾವು ಅದನ್ನು ಹುಡುಕಿ ತಂದರೆ ಏಳೂವರೆ. ಅದು ಹೋದ ವರ್ಷದ್ದು ಎಂದು ಅವರಿಗೆ ಗೊತ್ತಾಗುವಾಗ ಎಂಟು.

ಇಷ್ಟು ವರ್ಷ ನಾನು ಇದನ್ನು ಸಹಿಸಿದ್ದೆ. ಹೆದರುವ ಮನುಷ್ಯನಿಗೆ ಸಹನೆ ಬೇರೆಯಾಗಿ ಕಲಿಯಬೇಕಾಗಿಲ್ಲ. ಆದರೆ ಫೆಬ್ರುವರಿ ಮೂರನೇ ವಾರ ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಯಲ್ಲಿ ಎರಡು ಘಟನೆಗಳು ಒಟ್ಟಿಗೆ ನಡೆದವು. ನನ್ನ ಅವ್ವ ಶಾಂತಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್. ಅದೇ ವಾರ ನನ್ನ ಹೆಂಡತಿ ಅನುಜಾಳನ್ನು ಅವಳ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸಂಜೆ ಪಾಳಿಯ ಮುಖ್ಯಸ್ಥೆಯನ್ನಾಗಿ ಮಾಡಿದರು. ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತು.

ಅವ್ವ ಐವತ್ತು ವರ್ಷಗಳಿಂದ ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟಿದವಳಲ್ಲ. ಜೈನರ ಮನೆಯಲ್ಲಿ ಇದು ಹೊಸದಲ್ಲ. ಎಡಗೈಯಿಂದ ಉಣ್ಣುವವಳೂ ಅಲ್ಲ, ನೆರೆಯವರ ಕೈತುತ್ತು ತಿನ್ನುವವಳೂ ಅಲ್ಲ. ಅನುಜಾ ರೊಟ್ಟಿ, ಪಲ್ಯ ಮಾಡಿ ಡಬ್ಬಿಯಲ್ಲಿಟ್ಟು ಹೋಗುತ್ತಿದ್ದಳು. ಸೂರ್ಯಾಸ್ತದೊಳಗೆ ಬಂದು ತುತ್ತು ಮಾಡಿ ಬಾಯಿಗಿಡಲು ಒಬ್ಬರು ಬೇಕಿತ್ತು. ಆ ಒಬ್ಬರು ನಾನು.

ಮೊದಲ ದಿನ ಮನೆ ಮುಟ್ಟಿದಾಗ ರಾತ್ರಿ ಒಂಬತ್ತೂ ಕಾಲಾಗಿತ್ತು. ಡಬ್ಬಿಯ ಮುಚ್ಚಳ ತೆರೆದಿರಲಿಲ್ಲ. ಅವ್ವ ಗೋಡೆಗೆ ಒರಗಿ ಕುಳಿತಿದ್ದಳು.

"ಹಸಿವಿ ಇದ್ದಿದ್ದಿಲ್ಲ ಬಿಡಪಾ" ಎಂದಳು.

ಬೆನ್ನಿಗೇ ಬಂದ ಅನುಜಾ ಡಬ್ಬಿಯನ್ನು ಎತ್ತಿ ತೂಕ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ನೋಡ್ರಿ, ಹನ್ನೊಂದು ವರ್ಷಕ್ಕ ಈ ಕುರ್ಚಿ ಬಂದೈತಿ. ಇನ್ನೊಂದ ದಿನಾ ಅತ್ತಿ ಉಪವಾಸ ಮಲಗಿದ್ರ ಮರುದಿನ ನಾ ಕೆಲಸ ಬಿಟ್ಟು ಮನ್ಯಾಗ ಕುಂದರತೀನಿ."

"ಸಾಹೇಬ್ರು ಬಿಡೂದಿಲ್ಲ ಅನು..."

"ಐದೂವರಿಗೆ ಆಫೀಸ ಮುಗೀತೈತಿ ಅಂತ ಸರಕಾರನ ಹೇಳೈತಿ. ನಿಮ್ಮ ಸಾಹೇಬ್ರು ಸರಕಾರಕ್ಕಿಂತ ದೊಡ್ಡವ್ರೇನು?"

"ಖಾನಾಪುರದಾಗ ಹೌದು."

"ಹಂಗಾರ ನಾಳಿಂದ ಸಾಹೇಬ್ರ ಮನಿಯಾಗ ಇರ್ರಿ" ಎಂದು ಅವಳು ದೀಪ ಆರಿಸಿದಳು.

ಆ ರಾತ್ರಿ ನಾನು ಲೆಕ್ಕ ಹಾಕಿದೆ. ಐದೂವರೆಗೆ ಕಚೇರಿ ಬಿಟ್ಟರೆ ಐದು ನಲವತ್ತರ ಬಸ್ಸು. ಮೂರನೇ ರೈಲ್ವೆ ಗೇಟಿನಲ್ಲಿ ಇಳಿದು ಓಡಿದರೆ ಮನೆಗೆ ಆರು ಇಪ್ಪತ್ತು. ಆ ವಾರದ ಸೂರ್ಯಾಸ್ತ ಆರು ಮೂವತ್ತನಾಲ್ಕಕ್ಕೆ. ಹದಿನಾಲ್ಕು ನಿಮಿಷದಲ್ಲಿ ಎರಡು ರೊಟ್ಟಿ. ನಾನು ಆಗ ಮೂವರಿಗೆ ಹೆದರುತ್ತಿದ್ದೆ: ಸಾಹೇಬರಿಗೆ, ಅನುಜಾಳಿಗೆ, ಸೂರ್ಯನಿಗೆ. ಮೊದಲ ಇಬ್ಬರಿಗೆ ಕೈಮುಗಿದು ಐದು ನಿಮಿಷ ಹೆಚ್ಚು ಕೇಳಬಹುದು.

ನಿಜವನ್ನೇ ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಮ್ಮ ಕಚೇರಿಯ ಉಳವಪ್ಪನ ಕಥೆ ನಿಮಗೆ ಗೊತ್ತಿಲ್ಲ. ಹಿಂದಿನ ವರ್ಷ ಅವನು, ಹೆಂಡತಿ ತವರಿಗೆ ಹೋಗಿದ್ದಾಳೆ, ಮಕ್ಕಳಿಗೆ ಅಡುಗೆ ಮಾಡಬೇಕು, ಬೇಗ ಬಿಡಿ ಎಂದು ಸಾಹೇಬರನ್ನು ಕೇಳಿದ. ಸಾಹೇಬರು ತುಂಬಿದ ಸಭೆಯಲ್ಲಿ ಅವನನ್ನು ನಿಲ್ಲಿಸಿ ಹುಳಿಗೆ ಎಷ್ಟು ಬೇಳೆ, ಎಷ್ಟು ಉಪ್ಪು ಎಂದು ಹತ್ತು ನಿಮಿಷ ಪ್ರಶ್ನೆ ಕೇಳಿದರು. ಅಂದಿನಿಂದ ಇಡೀ ಕಚೇರಿ ಅವನನ್ನು ಉಳವವ್ವ ಎನ್ನುತ್ತದೆ. ನನ್ನ ಹೆಸರು ವಿಪುಲ. ಅದು ಏನಾಗಬಹುದೆಂದು ಯೋಚಿಸುವ ಧೈರ್ಯವೂ ನನಗಿರಲಿಲ್ಲ.

ಮರುದಿನ ಮಧ್ಯಾಹ್ನ ಸಾಹೇಬರ ಮುಂದೆ ಹೋಗಿ ನಿಂತೆ.

"ಸರ್, ನಾ ಒಂದು ವ್ರತ ತಗೊಂಡೇನ್ರಿ. ಹೊತ್ತು ಮುಳುಗಿದ ಮ್ಯಾಲ ಉಣ್ಣಂಗಿಲ್ರಿ."

ಸಾಹೇಬರು ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದದ್ದನ್ನು ನಾನು ಆವರೆಗೆ ಅಮಾನತಿನ ಆದೇಶಕ್ಕೆ ಸಹಿ ಮಾಡುವಾಗ ಮಾತ್ರ ನೋಡಿದ್ದೆ.

"ಖರೇನ?"

"ಖರೇ ರೀ."

"ಭಾಳ ದೊಡ್ಡ ಮಾತು, ವಿಪುಲವ್ರ. ಅದಕ್ಕೇನ, ಇಲ್ಲೇ ಉಣ್ರಿ. ಸತ್ಯಪ್ಪಾ! ದಿನಾ ಐದಕ್ಕ ಬಾಜು ಖಾನಾವಳಿಯಿಂದ ಒಂದ ಊಟ ತರಸು."

ಹೀಗಾಗುತ್ತದೆಂದು ನಾನು ಎಣಿಸಿರಲಿಲ್ಲ. "ಹೊರಗಿಂದೂ ಉಣ್ಣಂಗಿಲ್ರಿ, ಸರ್."

"ಹಂಗಾರ ನಮ್ಮ ಮನಿಯಿಂದ ಡಬ್ಬಿ ತರಸೂಣು. ನಮ್ಮ ಮನಿಯಾಕಿ ಪ್ರಮಿಳಾ ಬದನಿಕಾಯಿ ಪಲ್ಯಾ ಏನ ಮಾಡತಾಳ ಅಂತೀರಿ!"

"ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಬಿಟ್ಟೇನ್ರಿ. ಬದನಿಕಾಯಿನೂ." (ಬದನೆಕಾಯಿ ನನ್ನ ಬದುಕಿನಿಂದ ಹೋದದ್ದು ಆ ಕ್ಷಣದಲ್ಲಿ.)

ಸಾಹೇಬರು ಡೈರಿ ತೆಗೆದು ಒಂದೊಂದನ್ನೂ ಬರೆದುಕೊಂಡರು. "ಎಷ್ಟ ದಿನಾ?"

ನನಗೆ ಬೇಕಾಗಿದ್ದುದು ಆರು ವಾರ. ಆದರೆ ಆರು ವಾರ ಎಂದರೆ ವ್ರತದಂತೆ ಕೇಳುವುದಿಲ್ಲ, ಪ್ಲಾಸ್ಟರಿನಂತೆ ಕೇಳುತ್ತದೆ. ಹೆದರಿಕೆಯಲ್ಲಿ ನಾಲಿಗೆ ತಾನೇ ಮುಹೂರ್ತ ನೋಡಿತು.

"ಬರೂ ದೀಪಾವಳಿ ತನಕ್ರಿ."

ಸಾಹೇಬರು ಅದನ್ನೂ ಬರೆದುಕೊಂಡು ಕೆಳಗೆ ಗೆರೆ ಎಳೆದರು. "ದಿನಾ ಐದೂವರಿಗೆ ಬಿಡ್ರಿ. ಯಾರರ ಅಡ್ಡ ಬಂದ್ರ ನನ್ನ ಹೆಸರ ಹೇಳ್ರಿ" ಎಂದರು. ಅಡ್ಡ ಬರುತ್ತಿದ್ದವರು ಅವರೊಬ್ಬರೇ ಎಂದು ನಾನು ಹೇಳಲಿಲ್ಲ.

ಮುಂದಿನ ಐದು ವಾರ ಅವ್ವ ಒಂದು ದಿನವೂ ಉಪವಾಸ ಮಲಗಲಿಲ್ಲ. ಮೂರನೇ ಗೇಟಿನಿಂದ ಮನೆಗೆ ನಾನು ಓಡುವುದನ್ನು ನೋಡಿ ಬೀದಿಯವರು ನನಗೆ ಸಕ್ಕರೆ ಕಾಯಿಲೆ ಎಂದುಕೊಂಡರು. ರೊಟ್ಟಿ ಮುರಿದು, ಪಲ್ಯದಲ್ಲಿ ಅದ್ದಿ, ಅವ್ವನ ಬಾಯಿಗಿಡುತ್ತಿದ್ದೆ. ಅವಳು ಕಿಟಕಿಯ ಕಡೆ ನೋಡುತ್ತ ನಿಧಾನವಾಗಿ ಅಗಿಯುತ್ತಿದ್ದಳು. ಚಿಕ್ಕಂದಿನಲ್ಲಿ ಅವಳು ನನಗೆ ಉಣಿಸಿದ್ದು ನನಗೆ ನೆನಪಿಲ್ಲ. ಈಗ ಉಣಿಸುವಾಗ ಮಾತ್ರ, ಅಷ್ಟು ಹೊತ್ತು, ನನಗೆ ಯಾರ ಹೆದರಿಕೆಯೂ ಆಗುತ್ತಿರಲಿಲ್ಲ.

ಒಂಬತ್ತೂವರೆಗೆ ಅನುಜಾ ಬಂದ ಮೇಲೆ ನಾವಿಬ್ಬರೂ ಎಂದಿನಂತೆ ಉಣ್ಣುತ್ತಿದ್ದೆವು, ಉಳ್ಳಾಗಡ್ಡಿ ಸಮೇತ. ಸಾಹೇಬರು ಬಿಟ್ಟಿದ್ದು ಹೇಗೆ ಎಂದು ಅವಳು ಕೇಳಿದಾಗ, "ನನ್ನ ಮಾತಿಗೆ ಅಲ್ಲಿ ಬೆಲಿ ಐತಿ" ಎಂದಿದ್ದೆ.

ಕಚೇರಿಯಲ್ಲಿ ಮಾತ್ರ ನರಕ. ಬಟಾಟೆ ವಡೆಯ ಪೊಟ್ಟಣ ಬಿಚ್ಚಿದರೆ ಸತ್ಯಪ್ಪ ಅಷ್ಟು ದೂರದಿಂದಲೇ, "ವಿಪುಲ ಸರ್‌ಗ ತೋರಸಬ್ಯಾಡ್ರಿ, ವ್ರತಾ ಕೆಡತೈತಿ" ಎಂದು ಕೂಗುತ್ತಿದ್ದ. ವಡೆಯ ವಾಸನೆ ನನ್ನ ಮೇಜು ದಾಟಿ ಹೋಗುತ್ತಿತ್ತು. ಒಮ್ಮೆ ಮಧ್ಯಾಹ್ನ ಹಸಿವು ತಾಳದೆ ಬಸ್‌ಸ್ಟ್ಯಾಂಡಿನಲ್ಲಿ ಗೋಡೆಗೆ ಮುಖ ಮಾಡಿ ನಿಂತು ಅವಲಕ್ಕಿ ತಿಂದೆ. ಹಿಂದಿನಿಂದ ಯಾರೋ ಕೆಮ್ಮಿದರು. ತಟ್ಟೆ ಅಲ್ಲೇ ಬಿಟ್ಟು, ಯಾವ ಊರಿನದೆಂದು ನೋಡದೆ ಎದುರಿಗಿದ್ದ ಬಸ್ಸು ಹತ್ತಿದೆ. ಅದು ಬೀಡಿಗೆ ಹೋಗುವ ಬಸ್ಸು.

ಮಾರ್ಚಿನ ಕೊನೆಯ ಶನಿವಾರ. ಅವ್ವನ ಊಟ ಮುಗಿದಿತ್ತು. ಮಂಗಳವಾರ ಪ್ಲಾಸ್ಟರ್ ಬಿಚ್ಚುತ್ತಾರೆ. ಗಂಡಾಂತರ ಕಳೆಯಿತೆಂಬ ಸಂತೋಷಕ್ಕೆ ಮೂಲೆಯ ಗಾಡಿಯಿಂದ ಕಾಂದಾಭಜಿ, ಅಂದರೆ ಉಳ್ಳಾಗಡ್ಡಿ ಬಜ್ಜಿ, ತಂದು, ಏಳೂ ಹತ್ತಕ್ಕೆ ಅವ್ವನ ಪಕ್ಕದಲ್ಲಿ ಕುಳಿತು, ಬಿಸಿಯಾದ ದೊಡ್ಡದೊಂದನ್ನು ಇಡಿಯಾಗಿ ಬಾಯಿಗೆ ಹಾಕಿದೆ.

"ವಿಪುಲವ್ರ ಮನಿ ಇದ ಏನ್ರಿ?"

ಬಾಗಿಲಲ್ಲಿ ರಾಮಲಿಂಗ ಸಾಹೇಬರು. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಒಂದು ತೆಂಗಿನಕಾಯಿ. ಬೆಳಗಾವಿಗೆ ಮೀಟಿಂಗಿಗೆ ಬಂದವರು, ವ್ರತಸ್ಥನ ಮನೆಗೆ ಬರಿಗೈಲಿ ಬರಬಾರದೆಂದು ತಂದಿದ್ದರು.

ಅವ್ವ ಅವಸರ ಮಾಡಲಿಲ್ಲ. ಜೈನರ ಮನೆಯಲ್ಲಿ ಉಳ್ಳಾಗಡ್ಡಿ ಕಾಣಬಾರದೆಂದು ಪ್ಲಾಸ್ಟರಿನ ಕೈಯನ್ನು ಭಜಿಯ ಪೊಟ್ಟಣದ ಮೇಲಿಟ್ಟು, ಸೆರಗು ಎಳೆದುಕೊಂಡಳು. "ಬರ್ರಿ, ಕುಂದರ್ರಿ" ಎಂದಳು. ನಾನು ಎದ್ದು ನಿಂತು ಕೈಮುಗಿದೆ. ಭಜಿ ಬಾಯಿಯಲ್ಲಿ ಕುದಿಯುತ್ತಿತ್ತು. ಅಗಿದರೆ ಕೆನ್ನೆ ಅಲುಗುತ್ತದೆ, ನುಂಗಿದರೆ ಗಂಟಲು ಸುಡುತ್ತದೆ, ಉಗುಳಿದರೆ ನೌಕರಿ ಹೋಗುತ್ತದೆ.

"ಹೆಂಗ ಅದೀರಿ ವಿಪುಲವ್ರ?"

ನಾನು ತಲೆಯಾಡಿಸಿದೆ. ಕಣ್ಣಲ್ಲಿ ನೀರು ಬಂತು.

"ಮಾತ ಯಾಕ ಆಡವಲ್ರಿ? ಮೌನವ್ರತನೂ ಐತೇನ್ರಿ, ಅವ್ವಾರ?"

ಅವ್ವ ಸುಳ್ಳು ಹೇಳುವವಳಲ್ಲ.

"ಈಗ ಅವಗ ಮಾತಾಡಾಕ ಬರೂದಿಲ್ರಿ" ಎಂದಳು.

ಸಾಹೇಬರು ಭಕ್ತಿಯಿಂದ ನನ್ನ ಕಣ್ಣೀರು ನೋಡಿದರು. ಆಮೇಲೆ ಮೂಗು ಎತ್ತಿದರು. "ಕಾಂದಾಭಜಿ ವಾಸನಿ ಬರಾಕತ್ತೈತಲ್ರಿ?"

"ಹೌದ್ರಿ, ಬರಾಕತ್ತೈತಿ. ಭಾಳ ಹತ್ರದಿಂದನ ಬರಾಕತ್ತೈತಿ."

"ಈ ವಾಸನ್ಯಾಗ ಕುಂತು ದೀಪಾವಳಿ ತನಕ ರಾತ್ರಿ ಊಟ ಬಿಡೂದು ಅಂದ್ರ ಏನ ಹುಡುಗಾಟೇನ್ರಿ! ಉಳ್ಳಾಗಡ್ಡಿ ಇಲ್ಲ, ಬಟಾಟಿ ಇಲ್ಲ, ಬದನಿಕಾಯಿ ಇಲ್ಲ. ಇವ್ರಿಗೆ ಈ ಬುದ್ಧಿ ಯಾರ ಕೊಟ್ರಿ?"

ಅವ್ವ ನನ್ನ ಕಡೆ ತಿರುಗಿದಳು. ಐದು ವಾರದ ಓಟ, ಐದೂವರೆಯ ಬಿಡುಗಡೆ, ಎಲ್ಲವೂ ಅವಳಿಗೆ ಆ ಒಂದು ನೋಟದಲ್ಲಿ ಗೊತ್ತಾದಂತೆ ಕಂಡಿತು.

"ನಿಮ್ಮಿಂದನ ಬಂದಿದ್ದು, ಸಾಹೇಬ್ರ" ಎಂದಳು.

ಸಾಹೇಬರು ಸಂಕೋಚದಿಂದ ನಕ್ಕರು. ಆಗ ಅವರ ಕಣ್ಣು ಪ್ಲಾಸ್ಟರಿನ ಮೇಲೆ ಬಿತ್ತು. "ಕೈಗೇನಾತ್ರಿ? ಬಲಗೈ ಐತಿ, ಊಟಾ ಹೆಂಗ?"

"ಮಗಾ ಉಣಸತಾನ್ರಿ. ನಂದು ಐವತ್ತು ವರ್ಷದಿಂದ ಹೊತ್ತು ಮುಳುಗೂದರೊಳಗ ಊಟ. ದಿನಾ ಓಡಿ ಬರತಾನ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು.

"ಇದನ್ನ ಯಾಕ ಹೇಳಲಿಲ್ರಿ, ವಿಪುಲವ್ರ? ನಮ್ಮವ್ವ ಹಾಸಿಗಿ ಹಿಡಿದಾಗ ಎರಡು ವರ್ಷ ನಾನ ಉಣಸೀನಿ. ಒಂದ ಮಾತ ಅಂದಿದ್ರ ನಾಕೂವರಿಗೆ ಕಳಸ್ತಿದ್ದೆ."

ಇಷ್ಟು ಕೇಳಿ ನಾನು ಭಜಿಯನ್ನು ಇಡಿಯಾಗಿ ನುಂಗಿದೆ. ಅದು ಎದೆಯನ್ನು ಸುಡುತ್ತ ಇಳಿಯಿತು. ಈಗಲಾದರೂ ಎಲ್ಲವನ್ನೂ ಒಪ್ಪಿಕೊಳ್ಳೋಣ ಎಂದು ಬಾಯಿ ತೆರೆದೆ. "ಸರ್, ಆ ಉಳವಪ್ಪಗ ಆಗಿದ್ದು ನೋಡಿ..."

"ಉಳವಪ್ಪ!" ಸಾಹೇಬರ ಮುಖ ಕೆಂಪಾಯಿತು. "ಅಂವಾ ಮಕ್ಕಳಿಗೆ ಅಡಗಿ ಅಂತ ಹೇಳಿ ಸಿನಿಮಾಕ್ಕ ಹೊಂಟಿದ್ದ. ಟಿಕೆಟ್ ಕಿಸೆದಾಗ ಕಾಣತಿತ್ತು. ಅದಕ್ಕ ಹುಳಿಗೆ ಎಷ್ಟ ಬ್ಯಾಳಿ ಅಂತ ಕೇಳಿದೆ. ತಪ್ಪ ಮಾಡ್ಲಿ, ಮಾಫ್ ಮಾಡತೀನಿ. ಸುಳ್ಳ ಹೇಳಿ ಮನಿಗೆ ಹೋಗೋರನ್ನ ಮಾತ್ರ ನಾ ಬಿಡಂಗಿಲ್ಲ. ನೀವೇನೋ ಹೇಳಾಕತ್ತಿದ್ರಿ?"

"ಏನಿಲ್ರಿ."

ಎದ್ದು ಹೊರಟವರು ಬಾಗಿಲಲ್ಲಿ ನಿಂತರು. "ನೀವು ದೀಪಾವಳಿ ತನಕ ಹಿಂಗ ಓಡಾಡೂದು ನೋಡಾಕ ಆಗವಲ್ದು. ಇನ್ನ ಮ್ಯಾಲ ಸಂಜಿ ಮೀಟಿಂಗ್ ಬ್ಯಾಡ. ಸೋಮವಾರದಿಂದ ಮುಂಜಾನೆ ಏಳಕ್ಕ ಕೂಡೂಣು. ಎಲ್ಲಾರಿಗೂ ನಿಮ್ಮ ಹೆಸರ ಹೇಳೇ ಮೆಸೇಜ್ ಹಾಕತೀನಿ."

ಅವರು ಹೋದ ಮೇಲೆ ಅವ್ವ ಪೊಟ್ಟಣದ ಮೇಲಿನಿಂದ ಕೈ ತೆಗೆದಳು. ನಾನು ಅವಳ ಕಾಲ ಬಳಿ ಕುಳಿತೆ.

"ಅವ್ವಾ, ಅದು ಖರೇ ವ್ರತ ಅಲ್ಲ. ಗುರುಗಳ ಮುಂದ ತಗೊಂಡಿದ್ದಲ್ಲ."

"ಸಾಹೇಬ್ರ ಮುಂದ ತಗೊಂಡಿ. ಬಾಯಿ ನಿಂದ ಹೌದಲ್ಲೋ?" ಎಂದಳು ಅವ್ವ, ಸಿಟ್ಟಿಲ್ಲದೆ. "ನನ್ನ ಸಲುವಾಗಿ ಸುಳ್ಳ ಹೇಳಿದಿ. ಆ ಪಾಪ ನನ್ನ ಮ್ಯಾಲ ಬ್ಯಾಡಪಾ. ಹೇಳಿದ್ದನ್ನ ಮಾಡು, ಸುಳ್ಳ ಖರೇ ಆಗತೈತಿ."

ಒಂಬತ್ತೂವರೆಗೆ ಅನುಜಾ ಬಂದಳು. ಅವ್ವ ಎಲ್ಲವನ್ನೂ ಹೇಳಿದಳು, ಒಂದು ಅಕ್ಷರ ಬಿಡದೆ. ಅನುಜಾ ನಕ್ಕು ನಕ್ಕು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. "ನಿಮ್ಮ ಮಾತಿಗೆ ಬೆಲಿ ಐತಿ ಅಂದಿದ್ರಿ. ಖರೇನ ಐತಿ ಬಿಡ್ರಿ" ಎಂದು, ಒಂದೇ ತಾಟು ಹಾಕಿಕೊಂಡಳು. ಉಳಿದ ಭಜಿಯನ್ನೂ ಅವಳೇ ತಿಂದಳು.

ಹತ್ತು ಗಂಟೆಗೆ ಕಚೇರಿಯ ಗುಂಪಿಗೆ ಸಾಹೇಬರ ಸಂದೇಶ ಬಂತು. ಕೈಮುಗಿದ ಚಿತ್ರ ಹಾಕಿದವನು ಸತ್ಯಪ್ಪ ಒಬ್ಬನೇ. ಉಳಿದ ಹನ್ನೊಂದು ಜನ ಓದಿ ಸುಮ್ಮನಿದ್ದರು. ಹತ್ತೂ ಕಾಲಿಗೆ ಉಳವಪ್ಪ ನನಗೆ ಬೇರೆಯಾಗಿ ಬರೆದ: "ಸೋಮವಾರ ಭೆಟ್ಟಿ ಆಗೂಣು."

ಸೋಮವಾರ ಖಾನಾಪುರದ ಬಸ್ಸು ಬೆಳಿಗ್ಗೆ ಐದು ಐವತ್ತಕ್ಕೆ ಬಿಡುತ್ತದೆ. ಸೂರ್ಯ ಹುಟ್ಟುವುದು ಆರೂವರೆಗೆ, ವ್ರತದ ಪ್ರಕಾರ ಅದಕ್ಕೆ ಮೊದಲು ಏನೂ ತಿನ್ನುವಂತಿಲ್ಲ.