ಒಂದೇ ಒತ್ತಿಗೆ ಏರುವ ಗಾಜು

ಸುಂಯ್... ಟಪ್!

ನಮ್ಮ ಮುದಿ ಕಾರಿನ ನಾಲ್ಕು ಗಾಜುಗಳೂ ಒಟ್ಟಿಗೆ ಏರಿ ಮುಚ್ಚಿಕೊಂಡ ಸದ್ದು ಅದು. ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟರೆ ಸಾಕು, ಬೆರಳು ಇಟ್ಟುಕೊಂಡೇ ಇರಬೇಕಾಗಿಲ್ಲ. ಕೊಳದ ನೀರೇ ಎದ್ದು ನಿಂತ ಹಾಗೆ ಬಾಗಿಲಿನೊಳಗಿಂದ ಗಾಜು ತಾನಾಗಿ ಮೇಲೇರುತ್ತದೆ. ಮೊದಲ ದಿನ ಅದನ್ನು ಏರಿಸಿ ಇಳಿಸಿ ನೋಡುತ್ತ ಆಫೀಸಿಗೆ ಹೋಗುವುದನ್ನೇ ಮರೆತೆ. (ಆಫೀಸಿನವರು ಮರೆಯಲಿಲ್ಲ.)

ಈ ವೈಭವಕ್ಕೆಲ್ಲ ಮೂಲ ನಮ್ಮ ಜಗಳ. ಅಮ್ಮನ ಕಿವಿಗೆ ಬೀಳುವಂತೆ ಜಗಳವಾಡಬಾರದೆಂದು ನಾನೂ ಹೆಂಡತಿಯೂ ಮದುವೆಯ ಹೊಸತರಲ್ಲೇ ಒಪ್ಪಂದ ಮಾಡಿಕೊಂಡಿದ್ದೆವು. ನಾಲಿಗೆ ತುರಿಸತೊಡಗಿದರೆ ಮನೆಯೆದುರು ನಿಂತ ಕಾರಿನಲ್ಲಿ ಹೋಗಿ ಕೂರುವುದು, ಗಾಜು ಏರಿಸುವುದು, ಆಮೇಲೆ ಸಮರ. ಆದರೆ ಹ್ಯಾಂಡಲ್ ತಿರುಗಿಸಿ ತಿರುಗಿಸಿ ನಾಲ್ಕು ಗಾಜು ಏರಿಸುವಷ್ಟರಲ್ಲಿ ನನ್ನ ಉಸಿರೂ ಖಾಲಿ, ಕೂಡಿಟ್ಟುಕೊಂಡ ಒಳ್ಳೊಳ್ಳೆಯ ಮಾತುಗಳೂ ಖಾಲಿ. ಸೋಲು ಸದಾ ನನ್ನದೇ. ಕೊನೆಗೆ ಕಾರಿನ ಎಲೆಕ್ಟ್ರಿಷಿಯನ್‌ನ ಮೊರೆ ಹೊಕ್ಕೆ. ಅವನು ಬಾಗಿಲುಗಳ ಹೊಟ್ಟೆ ಬಿಚ್ಚಿ, ಮೋಟಾರು ಕೂರಿಸಿ, ಕಿಟಕಿಯ ಹಳೆಯ ರಬ್ಬರನ್ನೂ ಬದಲಿಸಿ, ನಾಲ್ಕಕ್ಕೂ ಸೇರಿ ನನ್ನ ಮೊಣಕೈ ಬಳಿ ಒಂದು ಗುಂಡಿ ಇಟ್ಟುಕೊಟ್ಟ.

"ಇನ್ಮೇಲೆ ಒಳಗಿನ ಮಾತು ಇರುವೆಗೂ ಕೇಳಲ್ಲ ಸಾರ್," ಎಂದ.

ನಿಜವೇ. ಒಳಗೆ ಬಾವಿಯ ತಳದ ಮೌನ. ಆ ಮೌನದಲ್ಲಿ ತಿಂಗಳಿಂದ ಒಂದೇ ಯುದ್ಧ: ಅಮ್ಮನ ಹೊಲಿಗೆ ಯಂತ್ರ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಬಂದು ಬೆಳಿಗ್ಗೆ ಮಲಗುತ್ತಾಳೆ. ಅವಳು ದಿಂಬಿಗೆ ತಲೆ ಕೊಡುವುದಕ್ಕೂ ಗೋಡೆಯಾಚೆ ಅಮ್ಮ ಪೆಡಲ್ ತುಳಿಯುವುದಕ್ಕೂ ಸರಿಹೋಗುತ್ತಿತ್ತು. ಅವತ್ತೂ ಕಾರಿನ ಗಾಜು ಏರಿದ್ದೇ ತಡ, ಶುರುಮಾಡಿದಳು.

"ನೋಡ್ರೀ ನನ್ನ ಕಣ್ಣು! ನಿನ್ನೆ ಇಂಜೆಕ್ಷನ್ ಹಿಡ್ಕೊಂಡು ನಿಂತಲ್ಲೇ ತೂಕಡಿಸಿದೆ. ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ? ಅತ್ತೆಗೆ ಹೇಳಿ ಅಂದ್ರೆ ಹೇಳಿದ್ರಾ?"

"ನೀನೇ ಹೇಳಬಹುದಲ್ಲ?"

"ನಾನು ಹೇಳಿದ್ರೆ ಸೊಸೆ ಹೇಳಿದ ಹಾಗಾಗುತ್ತೆ. ರೇಡಿಯೋ ವಿಷಯ ನೀವೇ ತಾನೇ ಹೇಳಿದ್ದು? ಮಾರನೇ ದಿನವೇ ಸದ್ದು ಇಳೀತು. ಬಚ್ಚಲುಮನೆ ವಿಷಯಾನೂ ಹಾಗೇ. ಈಗೇನು, ನಾಲಿಗೆ ಬಿದ್ದುಹೋಯ್ತಾ?"

ನಾನು ಮೀಸೆ ತೀಡಿಕೊಂಡೆ. (ರೇಡಿಯೋದ ಸದ್ದು ತನ್ನಷ್ಟಕ್ಕೆ ಇಳಿದಿತ್ತು. ನನ್ನ ವ್ಯಕ್ತಿತ್ವದ ಪ್ರಭಾವ ಗೋಡೆಗಳನ್ನೂ ದಾಟಿ ಹರಡುತ್ತದೆಂದು ನಾನು ನಂಬಿದ್ದೆ.)

"ಹೇಳೋದಕ್ಕೂ ಒಂದು ಹದ ಇದೆ. ಅಮ್ಮನ ಹತ್ರ ಹೇಗೆ ಮಾತಾಡಬೇಕು ಅಂತ ನನಗೊಬ್ಬನಿಗೇ ಗೊತ್ತು. ನಾನು ಬಾಯಿ ಬಿಟ್ಟೆ ಅಂದ್ರೆ—" ಎನ್ನುತ್ತ ಕೈ ಬೀಸಿದೆ. ಮೊಣಕೈ ಗುಂಡಿಗೆ ತಗುಲಿತು.

ಸುಂಯ್...

ಒಮ್ಮೆ ಹೊರಟರೆ ತಳ ಮುಟ್ಟದೆ ನಿಲ್ಲುವ ಜಾತಿಯಲ್ಲ ಅವು. ನಾಲ್ಕೂ ಗಾಜುಗಳು ಮಹಾರಾಜರ ಗಾಂಭೀರ್ಯದಿಂದ ಇಳಿದವು. ಹಿಂದಿನ ಎಡ ಕಿಟಕಿಯಲ್ಲಿ ಅಮ್ಮನ ಮುಖ ಮೂಡಿತು. ಕುತ್ತಿಗೆಯಲ್ಲಿ ಅಳತೆ ಟೇಪು. ಕಿವಿ ಇನ್ನೂ ಗಾಜಿಗೆ ಒತ್ತಿದ ಭಂಗಿಯಲ್ಲೇ ಇತ್ತು.

"ಅಬ್ಬ, ಅಂತೂ ಇಳಿಸಿದೆಯಲ್ಲ!" ಎಂದಳು. "ಈ ಗಾಜು ಮೊದಲು ಎರಡು ಬೆರಳು ಸಂದಿ ಬಿಡ್ತಿತ್ತು. ಪಕ್ಕದಲ್ಲೇ ಬಟ್ಟೆ ಒಣಹಾಕ್ತಿದ್ದೆನಲ್ಲ, ಎಲ್ಲ ಕೇಳಿಸೋದು. ರೇಡಿಯೋ ಜೋರಾಯ್ತು ಅಂತ ಇವಳು ಅಂದ್ರೆ ಕಮ್ಮಿ ಮಾಡ್ತಿದ್ದೆ. ಈಗ ನೋಡಿದ್ರೆ ಬರೀ ಬಾಯಿ ಆಡೋದು ಕಾಣುತ್ತೆ. ಏನಮ್ಮಾ ನಿನ್ನ ಕಷ್ಟ? ಇವನಂತೂ ಮಾತು ಕಲಿತಾಗಿನಿಂದ ನನಗೆ ಒಂದು ವಿಷಯ ಹೇಳಿದವನಲ್ಲ."

ಹೆಂಡತಿ ನನ್ನನ್ನು ನೋಡಿದಳು. ಆಮೇಲೆ ನನ್ನ ಮೀಸೆಯನ್ನು ನೋಡಿದಳು. ಆಮೇಲೆ ಬಾಗಿಲು ತೆರೆದು ಇಳಿದಳು.

"ಅತ್ತೆ, ಬೆಳಿಗ್ಗೆ ಮೆಷಿನ್ ಸದ್ದಿಗೆ ನನಗೆ ನಿದ್ದೆ ಬರ್ತಿಲ್ಲ."

"ಅಷ್ಟೇನಾ? ಅಯ್ಯೋ ಮಗಳೇ, ಬಾ, ಈಗಲೇ ಮುಂದಿನ ಕೋಣೆಗೆ ಎಳೆದುಹಾಕೋಣ. ಒಂದು ಕಡೆ ನೀನು ಹಿಡ್ಕೋ."

ಮೋಟಾರಿಲ್ಲ, ಗುಂಡಿಯಿಲ್ಲ. ತಿಂಗಳಿಂದ ಸಿಕ್ಕಿಕೊಂಡು ನಿಂತದ್ದು ಒಂದೇ ಮಾತಿಗೆ ಸರ್ರನೆ ಇಳಿದುಹೋಗಿತ್ತು. ನಾನು ಬಾಯಿ ತೆರೆದುಕೊಂಡೇ ಕೂತಿದ್ದೆ.

"ಲೋ, ಆ ಎಲೆಕ್ಟ್ರಿಷಿಯನ್‌ಗೆ ಹೇಳಿ ಹಿಂದಿನ ಗಾಜಿಗೆ ಮೊದಲಿನ ಹಾಗೆ ಎರಡು ಬೆರಳು ಸಂದಿ ಬಿಡಿಸ್ಕೊಂಡು ಬಾ," ಎಂದಳು ಅಮ್ಮ.

"ಹಾಗಾಗಲ್ಲಮ್ಮಾ! ಇದರ ಮಹಿಮೆಯೇ ಅದು. ಒಂದು ಸಲ ಒತ್ತಿದ್ರೆ ಪೂರ್ತಿ ಮೇಲಕ್ಕೆ ಹೋಗಿ—"

ಅಮ್ಮ ಆಗಲೇ ಸೊಸೆಯ ಹೆಗಲ ಮೇಲೆ ಕೈಯಿಟ್ಟು, ಹೊಸಿಲು ದಾಟಿ ಒಳಗೆ ಹೋಗಿದ್ದಳು.